ಕುಣಿತದ ನಡುವಿನ ಬಿಡುವು

ವೆರಾಕ್ರೂಸ್
17 ಏಪ್ರಿಲ್ 1989

ಪ್ರೀತಿಯ ಸೆನೈದಕ್ಕನಿಗೆ,

ದೇವಮಾತೆಯ ಕೃಪೆಯಿಂದ ನಾವಿಲ್ಲಿ ಚೆನ್ನಾಗಿದ್ದೇವೆ. ನಮ್ಮವರು ತೀರಿಕೊಂಡಾಗ ನೀನು ಓರಿಸಾಬಾದಿಂದ ಬರೆದ ಕಾಗದಕ್ಕೆ ಏಳು ತಿಂಗಳ ಮೇಲೆ ಉತ್ತರ ಬರೆಯುತ್ತಿದ್ದೇನೆ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾದೀತು, ಬರೆಯಲು ಮುಖವಿರಲಿಲ್ಲ. ನನ್ನ ಮಗಳು, ನಿನ್ನ ಧರ್ಮಪುತ್ರಿ ಒಬ್ದುಲಿಯಾಳಿಗೆ ಗಂಡು ಮಗು, ಅಜ್ಜನದೇ ಮೂಗು.

ಇನ್ನು ಹೇಳುವುದಕ್ಕೆ ನಗಬೇಡ. ನಾನು ಕುಣಿದೆ! ನಿನ್ನೆ ಸಂಜೆ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದಾಗ ಚೌಕದ ವಾದ್ಯದವರು, "ಈ ದನ್ಸೋನ್ ಕುಣಿತ ನಮ್ಮ ಕ್ರಿಸೋಫೊರೊ ಹೆಂಡತಿಗೆ, ಜೊತೆಗಿರೋ ಗೆಳೆಯರಿಗೆ!" ಎಂದು ಕೂಗಿದರು. ನನ್ನ ಜೊತೆ ಯಾರೂ ಇರಲಿಲ್ಲ. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ನಾಬೋರ್ ತಾತ ಟೋಪಿ ತೆಗೆದು ಕೈ ಚಾಚಿದ.

"ನಂಗೆ ಬರಲ್ಲ ತಾತ. ಪಾದ್ರಿಗಳು ನೋಡ್ತಾರೆ."

"ನೋಡ್ಲಿ ಬಿಡಮ್ಮ, ಅವರೂ ಒಂದೆರಡು ಹೆಜ್ಜೆ ಕಲೀಲಿ."

ಹೇಗೋ ಕಾಲು ಕೂಡಿತು. ಮೊದಲ ರಾಗ ಮರಳಿ ಬಂದರೂ ನಾನು ಕುಣಿಯುತ್ತಲೇ ಇದ್ದೆ. ನೋಡಿದರೆ ಸುತ್ತ ಎಲ್ಲರೂ ನಿಂತಿದ್ದಾರೆ.

"ಎಲ್ಲಿಗೆ ಹೊರಟ್ಯೇ, ಬಸ್ಸು ನಿಂತಿದೆ!" ಎಂದಳು ಮೀನು ಮಾರುವ ತಿಬುರ್ಸಿಯಾ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ರಾಗ ಬಂದಾಗಲೆಲ್ಲ ಜೋಡಿಗಳು ನಿಲ್ಲಬೇಕಂತೆ. ಪಕ್ಕಪಕ್ಕ ನಿಂತು ಬೆವರೊರಸಿಕೊಂಡು, ಬೀಸಣಿಗೆ ಬೀಸಿಕೊಂಡು, ಮಂಡಿನೋವಿನ ಮಾತಾಡಬೇಕಂತೆ. ತಾತ ತನ್ನ ಹೊಸ ಹಲ್ಲುಸೆಟ್ಟಿನ ಕಥೆ ಹೇಳಿದ. ನನಗೆ ಅಳು ಬಂತು.

ಒಂಬತ್ತು ವರ್ಷದ ಹಿಂದೆ ಅದೇ ಮೆಟ್ಟಿಲ ಮೇಲಿಂದ ನಾನು ಕಂಡದ್ದು ಇಷ್ಟೇ ಅಲ್ಲವೇ ಅಕ್ಕ? ನಮ್ಮವರ ಜೊತೆ ಕುಣಿಯುತ್ತಿದ್ದ ನೀನು ಅವರಿಗೆ ಗಾಳಿ ಬೀಸುತ್ತಿದ್ದೆ, ಅವರೇನೋ ಹೇಳುತ್ತಿದ್ದರು. ಚೌಕವೆಲ್ಲ ನಿಂತದ್ದು ನನಗೆ ಕಾಣಲಿಲ್ಲ, ನೀವಿಬ್ಬರೇ ಕಂಡಿರಿ. "ನನ್ನ ಗಂಡನ ಬೆವರು ಆರಿಸೋಕೆ ನಾನಿದ್ದೀನಿ ಕಣೇ" ಎಂದು ಕಿರುಚಿ ನಿನ್ನ ಬೀಸಣಿಗೆ ಮುರಿದೆ. ನೀನು ಊರನ್ನೇ ಬಿಟ್ಟೆ.

ಆದರೂ ಈ ಚೌಕದವರು ನನ್ನನ್ನು ಕುಣಿತಕ್ಕೆ ಸೇರಿಸಿಕೊಂಡರು. ನಮ್ಮವರಿಗೆ ಅಷ್ಟು ಭಾನುವಾರಗಳ ಸಂತೋಷ ಕೊಟ್ಟವಳು ನೀನು. ಚೌಕದವರಿಗೂ ನಿನಗೂ ನಾನು ಋಣಿ. ದಿನಾ ಜಪಮಣಿ ಹಿಡಿದಾಗ ನಿನ್ನ ಹೆಸರೂ ಸೇರಿಸುತ್ತೇನೆ. ಆ ಬೀಸಣಿಗೆಯ ಕಡ್ಡಿಗಳನ್ನು ನಮ್ಮವರು ಎತ್ತಿಟ್ಟಿದ್ದರು. ಅಂಟು ಹಾಕಿಸಿದ್ದೇನೆ. ಸಂತ ಯೋವಾನ್ನರ ಹಬ್ಬಕ್ಕೆ ಬಾ ಅಕ್ಕ. ಗಾಳಿ ನಾನು ಬೀಸುತ್ತೇನೆ.

ದೇವಮಾತೆ ನಿನ್ನ ಮಂಡಿಗಳನ್ನು ಕಾಯಲಿ.

ನಿನ್ನ
ಎರ್ಮೆಲಿಂದಾ

ತಾ.ಕ.: ಬಿಡುವಿನಲ್ಲಿ ಎಲ್ಲರೂ ವಾದ್ಯದವರ ಕಡೆ ಮುಖ ಮಾಡಿದರೆ ನಮ್ಮವರೊಬ್ಬರು ಚರ್ಚಿನ ಬಾಗಿಲ ಕಡೆ ತಿರುಗುತ್ತಿದ್ದರಂತೆ. "ಇವತ್ತಾದ್ರೂ ಇಳಿದು ಬರ್ತಾಳೇನೋ" ಎಂದು ನಿನ್ನನ್ನು ಕೇಳುತ್ತಿದ್ದರಂತೆ. ತಾತ ಹೇಳಿದ. ಆ ನೋಟ ನಾನೂ ಕಂಡಿದ್ದೆ, ಸಿಕ್ಕಿಬಿದ್ದವರ ನೋಟ ಎಂದುಕೊಂಡಿದ್ದೆ. ನೀನು ಹೋದ ಮೇಲೆ ಅವರು ಕುಣಿಯಲಿಲ್ಲ. ಪ್ರತಿ ಭಾನುವಾರ ಅದೇ ಬಾಗಿಲಿನೆದುರು ಬೆಂಚಿನ ಮೇಲೆ ಕೂತಿರುತ್ತಿದ್ದರು. ನಾನು ಹಿಂದಿನ ಬಾಗಿಲಿಂದ ಮನೆಗೆ ಹೋಗುತ್ತಿದ್ದೆ.