ಒಂದೇ ಕೊಂಡಿಯ ಜೋಕಾಲಿ

ಟಿಳಕವಾಡಿ, ಬೆಳಗಾವಿ
೪ ಜೂನ್ ೧೯೮೧

ಚಿ. ಸೌ. ಕುಮುದಿನಿಗೆ ನಿನ್ನ ಆಯಿಯ ಮನಸಾರೆ ಆಶೀರ್ವಾದ.

ಇಷ್ಟು ದಿನ ನಿನ್ನ ಹೆಸರಿನ ಮೊದಲು ಬರೀ ‘ಚಿ.’ ಹಾಕುತ್ತಿದ್ದೆ. ಹೇಳದೆ ಕೇಳದೆ ನಾಗಲಿಂಗನನ್ನು ಮದುವೆಯಾಗಿ ಹೋದ ಮಗಳಿಗೆ ‘ಸೌ.’ ಬರೆದರೆ ಇವರು ಏನನ್ನುತ್ತಾರೋ ಎಂಬ ಅಂಜಿಕೆ. ಇವತ್ತು ಬರೆದೇಬಿಟ್ಟೆ. ಇವರು ಬಾಜೂಕ್ಕೇ ಕೂತು ನೋಡಿದರು, ಏನೂ ಅನ್ನಲಿಲ್ಲ. ನಿನ್ನ ಪ್ರಕೃತಿ ಹೇಗಿದೆ? ಕಣಕುಂಬಿಯಲ್ಲಿ ಮಳೆ ಹಿಡಿದಿರಬೇಕು. ಒದ್ದೆ ಸೀರೆಯಲ್ಲೇ ಶಾಲೆಗೆ ಹೋಗಿ ಪಾಠ ಹೇಳುತ್ತ ನಿಲ್ಲಬೇಡ, ನಿನಗೆ ಮೊದಲೇ ಎದೆಯಲ್ಲಿ ಕಫ ಕಟ್ಟುತ್ತದೆ. ನನ್ನ ಮೊಣಕಾಲೊಂದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ನಿನ್ನ ಅಪ್ಪನದು ಮಾತೂ ಕಡಿಮೆ, ಊಟವೂ ಕಡಿಮೆ.

ಶುಭದಾಳ ಮದುವೆ ಮುಗಿಯಿತು. ತಂಗಿಯ ಮದುವೆಗೆ ನಿನ್ನನ್ನು ಕರೆಯಲಿಲ್ಲ. ಸಂಬಂಧ ತಂದವರು ಖಾನಾಪುರದ ನಿನ್ನ ದೊಡ್ಡಪ್ಪ. ಸಾಂಗಲಿಯ ಬೀಗರಿಗೆ ಅವರು, ತಮ್ಮ ಕೃಷ್ಣಾಜಿಗೆ ಒಬ್ಬಳೇ ಮಗಳು ಎಂದು ಹೇಳಿಬಿಟ್ಟಿದ್ದರಂತೆ. ನಮಗೆ ತಿಳಿಯುವ ಹೊತ್ತಿಗೆ ನಿಶ್ಚಯವೇ ಆಗಿಹೋಗಿತ್ತು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ನಗುನಗುತ್ತ ಹೋಳಿಗೆ ಬಡಿಸಿದೆ ಕುಮುದ, ಯಾರಿಗೂ ಗೊತ್ತಾಗಲಿಲ್ಲ.

ಬೀಗರ ಕಣ್ಣಿಗೆ ಬೀಳಲೆಂದು ಮಂಟಪದ ಬದಿಗೆ ನಮ್ಮ ಕೈಗೆಲಸದ ರುಖವತ ಜೋಡಿಸಬೇಕಲ್ಲ. ಎಲ್ಲರೂ ಸಕ್ಕರೆಯ ತುಳಸಿಕಟ್ಟೆ, ಮಣಿಯ ತೋರಣ ಮಾಡಿದರೆ, ಡ್ರಾಯಿಂಗ್ ಮಾಸ್ತರರಾದ ಇವರು ಸುಮ್ಮನಿರುತ್ತಾರೆಯೇ? ರಟ್ಟು ಕತ್ತರಿಸಿ ನಮ್ಮ ಮನೆಯನ್ನೇ ಗೇಣುದ್ದ ಮಾಡಿದರು. ನಡುಮನೆ, ಬೀಸುಕಲ್ಲು, ಇವರ ಸೈಕಲ್ಲು, ಜೋಕಾಲಿ, ಒಂದೂ ಬಿಡಲಿಲ್ಲ. ಖಾನಾಪುರದ ಕುಂಬಾರ ರಾಯಪ್ಪನಿಂದ ಮಣ್ಣು ತರಿಸಿ ಹೆಬ್ಬೆರಳಿನಷ್ಟು ಗೊಂಬೆಗಳನ್ನು ಮಾಡಿದರು. ಬಣ್ಣ ಹಚ್ಚುವಾಗ ಶುರುವಾಯಿತು ನೋಡು ರಾಮಾಯಣ. ಗೊಂಬೆಯ ಬುಡಕ್ಕೆ ಟಾಚಣಿ ಸೂಜಿ ಚುಚ್ಚಿ, ಅದನ್ನು ಜೋಳದ ದಂಟಿನ ಬೆಂಡಿಗೆ ಸಿಗಿಸಿ, ಬೆಂಡನ್ನು ಅಲುಗದ ಹಾಗೆ ಹಿಡಿಯುತ್ತಿದ್ದವಳು ನೀನು. ವಿಷಮಜ್ವರ ಬಂದು ಇವರ ಕೈ ನಡುಗಲು ಹತ್ತಿದ ಮೇಲೆ ನಿನ್ನ ಮಣಿಕಟ್ಟನ್ನು ತಮ್ಮ ಮಣಿಕಟ್ಟಿಗೆ ಒತ್ತಿ ಹಿಡಿಸಿ, “ಒಬ್ಬರ ಕೈ ನಡುಗಿದರ ಗೆರಿ ಕೆಡ್ತದ, ಇಬ್ಬರದೂ ಕೂಡೇ ನಡುಗಿದರ ಕೆಡೂದಿಲ್ಲ” ಅನ್ನುತ್ತಿದ್ದರಲ್ಲ. ಈಗ ಆ ಕೆಲಸ ನನ್ನ ಪಾಲಿಗೆ ಬಂತು. ಉಸಿರು ಬಿಗಿಹಿಡಿದು ಕೂತರೂ ಬಳೆ ಸದ್ದಾದರೆ ಸಿಟ್ಟು, ಕಣ್ಣು ಮಿಟುಕಿಸಿದರೆ ಸಿಟ್ಟು. ಅವರ ಕೈ ಈ ಕಡೆ ಹೋದರೆ ನನ್ನದು ಆ ಕಡೆ. ನನ್ನ ಗೊಂಬೆಯ ಒಂದು ಕಣ್ಣು ಹಣೆಗೇ ಹೋಗಿ ಕೂತಿತು. ಶುಭದಾ ಬಿದ್ದುಬಿದ್ದು ನಕ್ಕಳು. ಹೆತ್ತವರಿಗೆ ಹೆಗ್ಗಣ ಮುದ್ದು, ಇವರಿಗೆ ಅದೂ ಚಂದವೇ.

ಜೋಕಾಲಿಯ ಮೇಲೆ ಇಬ್ಬರು ಹುಡುಗಿಯರನ್ನು ಕೂರಿಸಿದ್ದರು. ಒಬ್ಬಳು ಶುಭದಾ, ಇನ್ನೊಬ್ಬಳು ಯಾರೆಂದು ನಾವು ಯಾರೂ ಕೇಳಲಿಲ್ಲ. ಉಟ್ಟದ್ದು ಹಸಿರು ಪರಕಾರ, ಎರಡು ಜಡೆ. ಕಣ್ಣು ಮಾತ್ರ ಬರೆದಿರಲಿಲ್ಲ. ನಾನು ಬೆಂಡು ಹಿಡಿಯಲು ಹೋದರೆ, “ನಿನ್ನ ಕೈಯಾಗ ಆಗೂದಲ್ಲ ಇದು, ಇರ್ಲಿ” ಅಂದರು. ರಟ್ಟಿನ ಜಂತಿ ಎರಡು ಕೊಂಡಿ ತಾಳುವುದಿಲ್ಲವೆಂದು ನಡುವೆ ಒಂದೇ ಕೊಂಡಿ ಹಾಕಿ, ಮಣೆಯ ಎರಡೂ ಕಡೆಯ ದಾರವನ್ನು ಅದಕ್ಕೇ ಕಟ್ಟಿದ್ದರು. ಇಬ್ಬರೂ ಕೂತರೆ ಮಣೆ ಸರಿಯಾಗಿ ನಿಲ್ಲುತ್ತಿತ್ತು.

ಮದುವೆಯ ಬೆಳಿಗ್ಗೆ ದೊಡ್ಡಪ್ಪ ಬಂದವರೇ ಅದನ್ನು ನೋಡಿದರು. ಬೀಗರು ಇನ್ನೇನು ಬರುವವರಿದ್ದರು. “ಕೃಷ್ಣಾ, ಒಂದನ್ನ ತಗಿ” ಅಂದರು, ಅಷ್ಟೇ. ಇವರು ಅಣ್ಣನ ಮುಖ ನೋಡಿದರು, ಶುಭದಾಳ ಮುಖ ನೋಡಿದರು, ಹಸಿರು ಪರಕಾರದವಳನ್ನು ಎತ್ತಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಜೋಕಾಲಿ ಒಂದು ಕಡೆ ವಾಲಿತು, ಶುಭದಾಳ ಗೊಂಬೆ ಜಾರಿ ಕೆಳಗೆ ಬಿತ್ತು. ಅಂಟು ಹಚ್ಚಿ ಮತ್ತೆ ಕೂರಿಸಿದರೂ ಮಣೆ ವಾಲಿಯೇ ಇತ್ತು. ಆ ಕಡೆ ಒಂದಿಷ್ಟು ಮಣ್ಣು ಮೆತ್ತಿದರಾಯಿತು ಎಂದಳು ಶುಭದಾ, ಅರಿಷಿಣದ ಸೀರೆಯಲ್ಲಿ ಅಳುತ್ತ.

“ಆಕಿ ಕುಂದ್ರೂ ಜಾಗಾದಾಗ ಮಣ್ಣಿನ ಉಂಡಿ ಇಡ್ಲೇನು?” ಅಂದರು ಇವರು.

ಆಮೇಲೆ ಆ ಮೇಜು ಬಿಟ್ಟು ಕದಲಲಿಲ್ಲ. ಕನ್ಯಾದಾನಕ್ಕೆ ಕರೆದಾಗ ಹೋಗಿ ಬಂದದ್ದಷ್ಟೇ. ಬೀಗರೆಲ್ಲ ರುಖವತ ನೋಡಿ ಹೋಗುವ ತನಕ, ಖಾಲಿಯಿದ್ದ ಆ ಕಡೆಗೆ ಕಿರುಬೆರಳು ಒತ್ತಿ, ಮಣೆಯನ್ನು ಸರಿಯಾಗಿ ಹಿಡಿದು ನಿಂತಿದ್ದರು. ಕೈ ನಡುಗುತ್ತಿತ್ತು, ಜೋಕಾಲಿ ತಾನೇ ತೂಗುತ್ತಿತ್ತು. ಸಾಂಗಲಿಯ ಹೆಂಗಸರು, ಮಾಸ್ತರರಿಗೆ ಇನ್ನೂ ಹುಡುಗಾಟ ಎಂದು ನಕ್ಕರು. ಅವರ ಜೊತೆ ನಾನೂ ನಕ್ಕೆ, ಮತ್ತೇನು ಮಾಡಲಿ? ಊಟಕ್ಕೆ ಕರೆಯಲು ಹೋದಾಗ ಇವರ ಕೆನ್ನೆ ಒದ್ದೆಯಾಗಿತ್ತು. ಇಷ್ಟು ವರ್ಷ ಜೊತೆಗೆ ಬಾಳಿದ್ದೇನೆ, ಇವರು ಅತ್ತದ್ದನ್ನು ನಾನು ಕಂಡಿರಲಿಲ್ಲ ಕುಮುದ.

ನಿನ್ನ ಮೇಲಿನ ಸಿಟ್ಟು ಎಂದೋ ಇಳಿದಿದೆ, ಬಾಯಿಬಿಟ್ಟು ಕರೆಯಲು ಇವರಿಗೆ ಬರುವುದಿಲ್ಲ. ದೇವರು ನಿನ್ನ ಕುಂಕುಮ ಕಾಯಲಿ, ಮಡಿಲು ತುಂಬಿಸಲಿ. ನಿಮ್ಮ ಮನೆಯವರಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಆಯಿ

ತಾ.ಕ. ಮೇಲಿನದೆಲ್ಲ ನಿನ್ನೆ ಬರೆದದ್ದು. ಇವತ್ತು ಬೆಳಿಗ್ಗೆ ಇವರು ಬಚ್ಚಲಿನಲ್ಲಿ ಬಿದ್ದರು. ಲಕವಾ ಹೊಡೆದಿದೆ, ಬಲಗೈ ಹೋಯಿತು, ಮಾತೂ ಹೋಯಿತು. ಡಾಕ್ಟರು ಬೇಕಾದವರನ್ನು ಕರೆಸಿಕೊಳ್ಳಿ ಎಂದಿದ್ದಾರೆ. ಅಂಚೆಯ ದಾರಿ ಕಾಯದೆ, ಕಣಕುಂಬಿ ಬಸ್ಸಿನ ಕಂಡಕ್ಟರ್ ಸತ್ಯಪ್ಪನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಹಸಿರು ಪರಕಾರದವಳು ಇವರ ಎಡ ಮುಷ್ಟಿಯಲ್ಲಿದ್ದಾಳೆ, ಬಿಡಿಸಲು ಹೋದರೆ ಬಿಡುವುದಿಲ್ಲ. ಆಗಾಗ ಆ ಕೈಯ ಮಣಿಕಟ್ಟನ್ನು ತಂದು ನನ್ನ ಮಣಿಕಟ್ಟಿಗೆ ಒತ್ತುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ, ಕೈ ತೆಗೆಯುತ್ತಾರೆ. ಅಳಿಯಂದಿರನ್ನು ಕರೆದುಕೊಂಡು ಇದೇ ಬಸ್ಸಿಗೆ ಹೊರಟು ಬಾ. ಆ ಗೊಂಬೆಗೆ ಇನ್ನೂ ಕಣ್ಣು ಬರೆದಿಲ್ಲ.