ಜಾಮ್ ಬಾಟಲಿಯ ಏಳು ಮೀನು

ಅಮ್ಮಾ,

ಅಮರ್ಗೋಸಾ ಹೊಳೆಯ ಮೀನೂ ನಮ್ಮ ಬುಗ್ಗೆಯ ಮೀನೂ ಬೇರೆ ಬೇರೆ ಉಪಜಾತಿ ಎಂದು ಇವತ್ತು ನಮ್ಮ ಮ್ಯೂಸಿಯಮ್ಮಿನಲ್ಲಿ ತೀರ್ಮಾನವಾಯಿತು. ಮರಳುಗಾಡಿನ ಆ ಬುಗ್ಗೆ ಬತ್ತಿ ಮೂವತ್ತು ವರ್ಷವಾಯಿತು. ಸಾಕ್ಷಿಗೆ ಉಳಿದದ್ದು ನೀನು ಕೆಡದಿರಲೆಂದು ಜಾಮ್ ಬಾಟಲಿಯಲ್ಲಿ ವಿಸ್ಕಿ ಸುರಿದು ಇಟ್ಟ ಏಳು ಮೀನು ಮಾತ್ರ.

ಒಳಗಿದ್ದ ಚೀಟಿಯನ್ನು ನಮ್ಮ ಹಿರಿಯ ವಿಜ್ಞಾನಿ ಹಾಲ್ವರ್ಸನ್ ಗಟ್ಟಿಯಾಗಿ ಓದಿದರು: "ಇವಕ್ಕೆ ಹೊಟ್ಟೆ ಕೆಳಗೆ ರೆಕ್ಕೆ ಇಲ್ಲ, ಹೊಳೇವಕ್ಕೆ ಇದೆ."

"ಪೆನ್ಸಿಲ್ಲಲ್ಲಿ ಬರ್ದಿದಾರಲ್ರೀ! ಶಾಯಿ ಆಗಿದ್ರೆ ಯಾವತ್ತೋ ಕರಗಿಹೋಗ್ತಿತ್ತು. ಯಾವ ವಿಜ್ಞಾನಿ ಇವ್ರು?" ಎಂದು ನನ್ನನ್ನು ಕೇಳಿದರು.

"ಮೋಟೆಲ್ಲಲ್ಲಿ ಹಾಸಿಗೆ ಹಾಸ್ತಿದ್ರು," ಎಂದೆ. "ನಮ್ಮಮ್ಮ."

ನಾನು ಐದನೇ ತರಗತಿಯಲ್ಲಿದ್ದಾಗ ನೀನು ವಿಸ್ಕಿ ನಾರುವ ಆ ಬಾಟಲಿ ಹಿಡಿದು, ಮೀನು ತೋರಿಸಲು ಶಾಲೆಗೆ ಬಂದಿದ್ದೆ. "ಯಾರಮ್ಮ ಇವ್ರು?" ಎಂದು ಮೇಷ್ಟ್ರು ಕೇಳಿದಾಗ ನಾನು "ಗೊತ್ತಿಲ್ಲ" ಎಂದಿದ್ದೆ. ನೀನು ಬಾಟಲಿ ಎತ್ತಿಕೊಂಡು ಹೊರಟಿದ್ದೆ.

ಇವತ್ತು ಬಾಟಲಿಯ ಹೊಸ ಚೀಟಿಯಲ್ಲಿ, ಸಂಗ್ರಹಿಸಿದವರು ಎಂಬಲ್ಲಿ, ನಿನ್ನ ಹೆಸರನ್ನು ವರ್ನಾ ಮೇ ಸ್ಟಕೀ ಎಂದು ಪೂರ್ತಿಯಾಗಿ ಬರೆದೆ. ಪೆನ್ಸಿಲ್ಲಿನಲ್ಲೇ.