ಕೂಗಿದರೆ ಹೋಗುವ ದೋಣಿ

ಸತ್ತಿ, ಹೊಳೆದಂಡೆ
25 ಜುಲೈ 2024, ಗುರುವಾರ

ಕೋಮಲಳ ಅಪ್ಪನಿಗೆ,

ನಿಮ್ಮ ಅನುಸೂಯಾ ಮಾಡುವ ನಮಸ್ಕಾರ. ನೀವು ಅಲ್ಲಿ ಆರಾಮ ಇದ್ದೀರಿ ಎಂದುಕೊಂಡು ಬರೆಯಲು ಕೂತಿದ್ದೇನೆ. ಕೈ ಸುಟ್ಟದ್ದು ಮಾಯಿತೇ? ಹೋದ ಸಲ ಫೋನಿನಲ್ಲಿ "ಏನಿಲ್ಲ, ಸೈಲೆನ್ಸರ್ ತಾಗಿತ್ತು" ಎಂದಿರಿ. ನೀವು ಏನಿಲ್ಲ ಎಂದಾಗಲೆಲ್ಲ ಏನೋ ಇರುತ್ತದೆ ಎಂಬುದು ನನಗೆ ಗೊತ್ತು. ಮಳೆಗಾಲ ಮುಗಿಯುವವರೆಗೆ ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ದಂಡೆಗೆ ಎಳೆದಿಟ್ಟ ಮೀನಿನ ಬೋಟುಗಳ ಎಂಜಿನ್ ಬಿಚ್ಚುವುದೇ ಕೆಲಸ ಎಂದಿದ್ದಿರಿ. ಒದ್ದೆ ಅಂಗಿಯಲ್ಲೇ ಮಲಗಬೇಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದೇನೆ, ರತ್ನಾಗಿರಿಯ ಹವೆಗೆ ರೊಟ್ಟಿ ಮೆತ್ತಗಾದರೆ ಹಂಚಿನ ಮೇಲೆ ಒಮ್ಮೆ ಇಟ್ಟುಕೊಳ್ಳಿ. ಅತ್ತೆಯ ಮೊಣಕಾಲು ಮಳೆ ಬಿದ್ದಾಗಿನಿಂದ ಮಡಚುತ್ತಿಲ್ಲ. ಕೋಮಲ ಆರಾಮ ಇದ್ದಾಳೆ, ದೋಣಿ ಕಂಡರೆ ಬಾಯಲ್ಲಿ ಎಂಜಿನ್ ಹಚ್ಚುತ್ತಾಳೆ, ಮನೆಯ ತುಂಬ ಉಗುಳು.

ಫೋನು ಇರುವಾಗ ಕಾಗದ ಯಾಕೆ ಎಂದು ನೀವು ನಗಬಹುದು. ಮನೆಯ ಫೋನು ಮಾವನ ಕೈಯಲ್ಲಿರುತ್ತದೆ, ಅವರಿಗೆ ಕಿವಿ ಮಂದ ಆದದ್ದರಿಂದ ಯಾವಾಗಲೂ ಸ್ಪೀಕರ್. ನನ್ನ ಸರದಿ ಬಂದಾಗ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಾರೆ. ನಾನು "ಹೂಂ ರಿ, ಆರಾಮ ಅದೀವ್ರಿ" ಎನ್ನುತ್ತೇನೆ, ಅತ್ತೆ "ಸಾಕ ಕೊಡ, ದುಡ್ಡ ಹೊಕ್ಕಾವ" ಎಂದು ಕಸಿದುಕೊಳ್ಳುತ್ತಾರೆ. ಫೋನಿಗೆ ಈಗ ಹಾಗೆಲ್ಲ ದುಡ್ಡು ಹೋಗುವುದಿಲ್ಲ ಎಂದು ಯಾರು ಹೇಳಬೇಕು? ಕುರಿ ಕಾಯುವ ಮಾಳೇಶಣ್ಣನ ಅಳಿಯ ನಿಮ್ಮ ಕಡೆ ಲಾರಿ ಹೊಡೆಯುತ್ತಾನಲ್ಲ, ನಾಳೆ ಬೆಳಿಗ್ಗೆ ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ದೋಣಿಯ ವಿಷಯ ಬರೆಯಬೇಕು. ನೀವು ಹೋದಮೇಲೆ ಎಂಜಿನ್ ನೋಡಿಕೊಂಡು ಬಂದವಳು ನಾನು. ನೀವು ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ನಟ್ಟು ಬಿಚ್ಚಲು ಕೇಳಿದ ಪಾನಾ ಎತ್ತಿಕೊಟ್ಟದ್ದು, ಅಷ್ಟೇ ನನ್ನ ಕಲಿಕೆ. ಡೀಸೆಲ್ಲನ್ನು ಮಾವನ ಹಳೆಯ ಧೋತರದಲ್ಲಿ ಸೋಸುತ್ತೇನೆ. ಪೈಪಿನಲ್ಲಿ ಗಾಳಿ ಹಿಡಿದರೆ ಪಂಪಿನ ನಟ್ಟು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಹರಿಯಬಿಟ್ಟು ಮತ್ತೆ ಬಿಗಿ ಮಾಡುತ್ತೇನೆ. ಇದೆಲ್ಲ ಮಾವ ಮಧ್ಯಾಹ್ನ ಮಲಗಿದಾಗ. ಸೆರಗು ಹೊದ್ದೂ ಅವರ ಎದುರಿಗೆ ನಿಲ್ಲದವಳು ಅವರ ಎಂಜಿನ್ನಿಗೆ ಕೈ ಹಾಕಿದ್ದೇನೆ ಎಂದು ಗೊತ್ತಾದರೆ ಏನೆನ್ನುತ್ತಾರೋ ಎಂದು ಹೆದರುತ್ತಿದ್ದೆ. ಅವರಿಗೆ ಗೊತ್ತಿತ್ತು. ಒಂದು ದಿನ ನೋಡಿದರೆ ಪಾನಾಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು, ತಾವು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ್ದರು.

ಆದರೆ ಫ್ಯೂಸಿನ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವೇ ಆಯಿತು, ಒಂದು ಮಾತೂ ಆಡದೆ. ದೋಣಿಯೊಳಗೆ ಸೇರುವ ನೀರನ್ನು ಎತ್ತಿ ಹೊರಗೆ ಹಾಕುವ ಸಣ್ಣ ಮೋಟಾರು ಇದೆಯಲ್ಲ, ಅದಕ್ಕೆ ಕಸ ಸಿಕ್ಕಾಗೆಲ್ಲ ಫ್ಯೂಸು ಹಾರುತ್ತಿತ್ತು. ಮಾವ ಅದನ್ನು ಕಿತ್ತು ಬೇಲಿ ಕಟ್ಟುವ ದಪ್ಪ ತಂತಿ ಸುತ್ತಿದರು. "ಹಾರೂದ ಹಾಕಿದ್ರ ಹಾರ್ತೈತಿ, ಹಾರಲಾರದ್ದ ಹಾಕಬೇಕು" ಎಂದು ಅತ್ತೆಯ ಮುಂದೆ ಹೇಳಿದ್ದು ಕೇಳಿಸಿತು. ನಾನು ಮಧ್ಯಾಹ್ನ ಹೋಗಿ ತಂತಿ ಬಿಚ್ಚಿ ತೆಳ್ಳನೆಯ ಎಳೆ ಹಾಕಿ ಬಂದೆ. ಮರುದಿನ ಮತ್ತೆ ದಪ್ಪ ತಂತಿ. ಮತ್ತೆ ಬಿಚ್ಚಿದೆ. ಹೀಗೇ ನಡೆಯಿತು. ಊಟಕ್ಕೆ ಬಡಿಸುವಾಗ ಅವರು ತಲೆ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಆ ಮೋಟಾರಿನ ಬ್ಯಾಟರಿಯನ್ನು ಐನಾಪುರದ ಅಣ್ಣಾಸಾಬ ಮೇಸ್ತ್ರಿಯ ಹತ್ತಿರ ಒಯ್ದರೆ ಅವನು ಮುಚ್ಚಳ ತೆಗೆದು ನೋಡಿ, "ಯವ್ವಾ ತಂಗಿ, ಇದು ಬ್ಯಾಟರಿ ಅಲ್ಲ, ಬ್ಯಾಟರಿ ಹೆಣ ಐತಿ. ಇದಕ್ಕ ಚಾರ್ಜ್ ಮಾಡೂದಲ್ಲ, ಕುಣಿ ತಗೀಬೇಕು" ಎಂದ. ಕೊನೆಗೆ ಕನಿಕರಪಟ್ಟು ಯಾವುದೋ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಕೊಟ್ಟು ಕಳಿಸಿದ.

ನಿಮಗೆ ಗೊತ್ತಿರುವ ಮಾತೇ. ಆಚೆ ದಂಡೆಯಿಂದ ಯಾರು ಕೂಗಿದರೂ ನಿಮ್ಮ ಮನೆತನದವರು ಹೋಗಲೇಬೇಕು. ಇಲ್ಲ ಅಂದರೆ ಹೊಳೆಯ ಶಾಪ. ಮೊದಲು ಮಾವ ಹುಟ್ಟು ಹಾಕಿ ಹೋಗುತ್ತಿದ್ದರು, ಆಮೇಲೆ ಹೊಲಕ್ಕೆ ನೀರೆತ್ತುವ ಹಳೆಯ ಎಂಜಿನ್ ತಂದು ನೀವು ದೋಣಿಗೆ ಕೂರಿಸಿದಿರಿ. ಈಗ ಮಾವನ ಭುಜ ಬಿದ್ದುಹೋಗಿದೆ, ಹುಟ್ಟು ಎತ್ತಲಾರರು, ಎಂಜಿನ್ ಇದೆ ಎಂಬ ಧೈರ್ಯದ ಮೇಲೇ ಹೊಳೆಗೆ ಇಳಿಯುತ್ತಾರೆ. ನೀರು ಏರುವ ಕಾಲದಲ್ಲಿ ದೋಣಿ ಕಟ್ಟಿಹಾಕೋಣ ಎಂದದ್ದಕ್ಕೇ ಅಲ್ಲವೇ ನಿಮಗೂ ಅವರಿಗೂ ಕೆಟ್ಟದ್ದು. "ಎಂಜಿನ್ ಕೆಲಸ ಇದ್ರ ಬಾ, ನನಗ ಬುದ್ಧಿ ಹೇಳಾಕ ಬರಬ್ಯಾಡ" ಎಂದರು. ನೀವೂ ಅವರ ಮಗನೇ, ಅಂದಿನಿಂದ ಎಂಜಿನ್ ಕೆಲಸಕ್ಕಲ್ಲದೆ ಮನೆಗೆ ಬಂದಿಲ್ಲ.

ಸೋಮವಾರ ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಹೊಳೆಯ ಬಣ್ಣ ಕೆಂಪಾಗಿತ್ತು, ನೀರು ಕಬ್ಬಿನ ಬುಡಕ್ಕೆ ಬಂದಿತ್ತು. ದಂಡೆಯ ಕಬ್ಬಿನ ಹೊಲದ ಶಾಂತಿನಾಥಣ್ಣನ ತಾಯಿ ಚಂದ್ರಮತಿ ಆಯಿ ಬೆಳಿಗ್ಗೆಯೇ ಆಚೆ ದಂಡೆಗೆ ಜೈನ ಮುನಿಗಳ ಪ್ರವಚನ ಕೇಳಲು ಹೋಗಿದ್ದರು. ಸಂಜೆ ಅವರ ಕೂಗು ಬಂತು. ರಸ್ತೆಯ ಮೇಲೆ ಸುತ್ತಿ ಬಂದರೆ ಕತ್ತಲಾಗುತ್ತದೆ, ಕತ್ತಲಾದ ಮೇಲೆ ಜೈನರು ಉಣ್ಣುವುದಿಲ್ಲ. ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಒಂದ ರಾತ್ರಿ ಉಪಾಸ ಇದ್ರ ಆಯಿ ಸಾಯಂಗಿಲ್ಲ, ಈ ನೀರಾಗ ನೀವ ಸಾಯ್ತೀರಿ" ಎಂದು ಅತ್ತರು. ಮಾವ, "ಹೊತ್ತು ಮುಣಗಿದ್ರ ಆ ಮುದುಕಿ ಹನಿ ನೀರೂ ಮುಟ್ಟಂಗಿಲ್ಲ. ಆಕೀನ್ನ ದಂಡ್ಯಾಗ ಉಪಾಸ ಕೆಡವಿ ನಾ ಇಲ್ಲಿ ಹೆಂಗ ರೊಟ್ಟಿ ಮುರೀಲಿ?" ಎಂದರು. ಮಾಳೇಶಣ್ಣ ಅವರನ್ನು ಒಬ್ಬರೇ ಬಿಡಲಾರದೆ ಜೊತೆಗೆ ಹತ್ತಿದ. ಅವತ್ತು ನಾನು ಫ್ಯೂಸು ನೋಡಿರಲಿಲ್ಲ, ಕೋಮಲಳಿಗೆ ಜ್ವರ ಇತ್ತು.

ಹೋಗುವಾಗ ಸರಿಯಾಗಿಯೇ ಹೋಯಿತು. ಆಯಿಯನ್ನು ಹತ್ತಿಸಿಕೊಂಡು ತಿರುಗಿ ನಡುಹೊಳೆಗೆ ಬಂದಾಗ ನೀರೆತ್ತುವ ಮೋಟಾರಿಗೆ ಹೊಳೆಯ ಕಸ ಸಿಕ್ಕಿ ಬಿಗಿದುಕೊಂಡಿತಂತೆ. ದಪ್ಪ ತಂತಿ ಹಾರಲಿಲ್ಲ, ಬದಲಿಗೆ ವಾಯರಿಗೇ ಬೆಂಕಿ ಹತ್ತಿತು. ಡೀಸೆಲ್ ಡಬ್ಬಿಯ ಪಕ್ಕದಲ್ಲಿ. ಮಾಳೇಶಣ್ಣ ಬರಿಗೈಯಲ್ಲಿ ಹಿಡಿದು ಕಿತ್ತ. ಅಷ್ಟರಲ್ಲಿ ದೋಣಿಯೊಳಗಿನ ನೀರು ಎಂಜಿನ್ನಿನ ದೊಡ್ಡ ಚಕ್ರಕ್ಕೆ ತಾಗಿ ಎಲ್ಲ ಕಡೆ ಎರಚಿ, ಎಂಜಿನ್ ಗಾಳಿ ಎಳೆಯುವಲ್ಲಿ ನೀರು ಹೊಕ್ಕಿತು. ದಂಡೆಯಲ್ಲಿ ನಿಂತ ನನಗೆ ಹೊಗೆ ಕಂಡಿತು, ಆಮೇಲೆ ಸದ್ದು ನಿಂತಿತು. ಸದ್ದು ನಿಂತದ್ದನ್ನು ಹೇಗೆ ಬರೆಯಲಿ. ಹೊಳೆ ಅಷ್ಟು ಭೋರ್ಗರೆಯುತ್ತಿದ್ದರೂ ನನಗೆ ಏನೂ ಕೇಳಿಸಲಿಲ್ಲ. ದೋಣಿ ಅಡ್ಡ ತಿರುಗಿ ಕೆಳಕ್ಕೆ ಹೋಯಿತು. ಶಾಂತಿನಾಥಣ್ಣನ ಕಬ್ಬಿನ ಕೆಳಗೆ ಮುಳುಗಿದ ಜಾಲಿ ಮರಗಳಲ್ಲಿ ಸಿಕ್ಕಿಕೊಳ್ಳದಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು. ಊರವರು ಹಗ್ಗ ಎಸೆದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದರು. ಆಯಿ ಜಪಮಾಲೆ ಹಿಡಿದು ಕಣ್ಣು ಮುಚ್ಚಿ ಕೂತವರು ಮಣ್ಣಿಗೆ ಕಾಲಿಟ್ಟು ಕೇಳಿದ ಮೊದಲ ಮಾತು, "ಹೊತ್ತು ಮುಣಗೇತೇನ?" ಮುಳುಗಿತ್ತು. ಅವರು ಉಣ್ಣದೆಯೇ ಮಲಗಿದರು.

ಮಾಳೇಶಣ್ಣನ ಅಂಗೈ ಚರ್ಮ ಸುಲಿದಿದೆ. ಆದರೂ ನಗಿಸುತ್ತಾನೆ, "ಯಕ್ಕಾ, ನಿಮ್ಮ ಮಾವನ ದೋಣಿ ಹತ್ತಿದ್ರ ಆಚಿ ದಂಡಿ ಅಲ್ಲ, ನೇರ ಸ್ವರ್ಗದ ಗಾಡಿ" ಎಂದು. ಮಾವ ಮಾತ್ರ ನಗಲಿಲ್ಲ, ಹೆದರಲೂ ಇಲ್ಲ. "ಹೊಳಿ ನಮ್ಮನ್ನ ಒಯ್ಯಂಗಿದ್ರ ಜಾಲಿ ಗಿಡ ಯಾಕ ಹಿಡೀತಿತ್ತು?" ಎನ್ನುತ್ತಾರೆ.

ಮಂಗಳವಾರದಿಂದ ನಾನು ಎಂಜಿನ್ನಿನ ಮುಂದೆಯೇ ಕೂತಿದ್ದೆ. ಈಗ ಹಗಲಿನಲ್ಲೇ, ಎಲ್ಲರ ಎದುರಿಗೇ. ಒಳಗಿನ ಆಯಿಲು ಹಾಲು ಹಾಕಿದ ಚಹಾದ ಹಾಗೆ ಬಂತು. ಬಸಿದು, ಡೀಸೆಲ್ಲಿನಲ್ಲಿ ತೊಳೆದು, ಬೇರೆ ಹಾಕಿದೆ. ಬಿಸಿಲಿಲ್ಲ, ಡೈನಮೋವನ್ನು ಒಲೆಯ ಪಕ್ಕ ಇಟ್ಟು ಒಣಗಿಸಿದೆ. ವಾಯರಿನ ತುದಿ ಕತ್ತರಿಸಿ, ಒಳಗಿನ ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಹೋಗಬೇಕು ಎಂದು ನೀವು ಹೇಳಿಕೊಟ್ಟಿದ್ದಿರಿ. ಕತ್ತರಿಸಿದೆ, ಕರ್ರಗಿತ್ತು. ಇನ್ನಷ್ಟು ಕತ್ತರಿಸಿದೆ, ಹಸಿರು ಕಿಲುಬು. ಕತ್ತರಿಸುತ್ತ ಕತ್ತರಿಸುತ್ತ ಹೋದೆ. ತಾಮ್ರ ಹೊಳೆಯಲೇ ಇಲ್ಲ, ವಾಯರು ಮುಗಿಯಿತು. ಆ ತುಂಡುಗಳನ್ನು ಮಡಿಲಿನಿಂದ ಕೊಡವಿ ಎದ್ದೆ. ನೀರೆತ್ತುವ ಮೋಟಾರು ಇಲ್ಲ, ದೀಪ ಇಲ್ಲ, ಹಾರ್ನ್ ಇಲ್ಲ. ತಳದ ಹಲಗೆ ಸಂದಿನಲ್ಲಿ ನೀರು ಜಿನುಗುತ್ತಲೇ ಇದೆ.

ಆದರೆ ಎಂಜಿನ್ ಇಂದು ಮಧ್ಯಾಹ್ನ ಚಾಲೂ ಆಯಿತು. ಮಾವನೇ ಹ್ಯಾಂಡಲ್ ತಿರುಗಿಸಿದರು, ಕೆಮ್ಮಿ ಕೆಮ್ಮಿ ನಡೆಯಿತು. ಮಾವ ಎಣ್ಣೆಗೈಯನ್ನು ನನ್ನ ತಲೆಯ ಮೇಲೆ ಇಟ್ಟು, "ಇದು ಸೊಸಿ ಅಲ್ಲ, ನನ್ನ ಮಗ ಐತಿ" ಎಂದರು. ಈ ಮನೆಗೆ ಬಂದಾಗಿನಿಂದ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು. ನಾನು ಹುಣಸೆ ಮರದ ಹಿಂದೆ ಹೋಗಿ ಕಣ್ಣೀರು ಹಾಕಿದೆ. ಸಂತೋಷಕ್ಕಲ್ಲ. ಎಂಜಿನ್ ನಡೆಯುತ್ತದೆ ಅಂದರೆ ಇನ್ನೊಬ್ಬರು ಕೂಗಿದ ಕೂಡಲೇ ಅವರು ಹೋಗುತ್ತಾರೆ. ನಾನು ಸರಿ ಮಾಡಿದ್ದು ಎಂಜಿನ್ನನ್ನೋ ಅವರ ಸಾವನ್ನೋ ತಿಳಿಯದಾಗಿದೆ. ಅತ್ತೆ ಒಲೆಯ ಮುಂದೆ ಕೂತು ತಮ್ಮಷ್ಟಕ್ಕೆ ಹೇಳಿಕೊಂಡರು, "ದೋಣಿ ಕೆಟ್ಟ ಕುಂತ್ರ ಮಾತ್ರ ಶಾಪ ಇಲ್ಲ. ಕೆಡಬಾರದ ಹೊತ್ತಿನ್ಯಾಗ ಕೆಡತೈತಿ, ಕೆಡಬೇಕಾದಾಗ ನಡೀತೈತಿ."

ಪಂಚಮಿಗೆ ಬಂದು ಎಂಜಿನ್ ಪೂರ್ತಿ ಬಿಚ್ಚುತ್ತೇನೆ ಎಂದು ನೀವು ಹೇಳಿದ್ದನ್ನು ಕೋಮಲ ಓಣಿಗೆಲ್ಲ ಹೇಳಿದ್ದಾಳೆ. ನಾನೂ ನಿಮ್ಮ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹಾಕಿದ್ದೆ.

ಅತ್ತೆ ಮಾವನ ಆಶೀರ್ವಾದ ನಿಮ್ಮ ಮೇಲಿದೆ. ಮಾವ ಬಾಯಿಬಿಟ್ಟು ಹೇಳಿಲ್ಲ, ಆದರೂ ಇದೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಮೈ ಕಡೆ ನೋಡಿಕೊಳ್ಳಿ.

ನಿಮ್ಮ
ಅನುಸೂಯಾ

ತಾ.ಕ.: ಶುಕ್ರವಾರ ಬೆಳಿಗ್ಗೆ. ಲಾರಿ ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಕು ಹರಿಯುವಾಗ ನೀರು ತರಲು ಹೋದೆ, ಹೊಳೆ ಮೆಟ್ಟಿಲು ನುಂಗಿತ್ತು. ಆಚೆ ದಂಡೆಯಲ್ಲಿ ಯಾರೋ ಕೂಗುತ್ತಿದ್ದರು. ಮಾವ ಇನ್ನೂ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ನಾನು ದೋಣಿ ಹತ್ತಿ ನಾಜಲ್ ಬಿಚ್ಚಿ ಹೊಳೆಗೆ ಎಸೆದೆ. ಅದಿಲ್ಲದೆ ಡೀಸೆಲ್ ಎಂಜಿನ್ನಿನ ಒಳಗೆ ಹೋಗುವುದಿಲ್ಲ ಎಂದು ನೀವೇ ಹೇಳಿಕೊಟ್ಟದ್ದು. ಮಾವ ಬಂದು ನೋಡಿ ಕಳ್ಳರು ಒಯ್ದರು ಎಂದುಕೊಂಡರು. ಆಮೇಲೆ ಬಾಯಿಗೆ ಎರಡೂ ಕೈ ಹಿಡಿದು, "ದೋಣಿ ಕೆಟ್ಟೈತ್ರೋ, ಬರಾಕ ಆಗೂದಿಲ್ಲೋ" ಎಂದು ಕೂಗಿದರು. ಅವರ ಬಾಯಲ್ಲಿ ಆ ಮಾತು ನಾನು ಎಂದೂ ಕೇಳಿರಲಿಲ್ಲ. ಆಚೆಯವರು ತುಸು ಹೊತ್ತು ನಿಂತು ತಿರುಗಿ ಹೋದರು.

ಈ ಹಳೆಯ ಎಂಜಿನ್ನಿನ ನಾಜಲ್ ಇತ್ತ ಎಲ್ಲೂ ಸಿಗುವುದಿಲ್ಲ, ನಿಮ್ಮ ಕಡೆಯ ಗುಜರಿಯಲ್ಲಿ ಮಾತ್ರ ಸಿಗಬಹುದು ಎಂದು ಅಣ್ಣಾಸಾಬ ಫೋನಿನಲ್ಲಿ ಹೇಳಿದನಂತೆ. ಮಾವ ಇವತ್ತೇ ನಿಮಗೆ ಫೋನ್ ಮಾಡುತ್ತಾರೆ, ನಾಜಲ್ ತಾ ಎನ್ನುತ್ತಾರೆ. ನಿಮ್ಮ ಕಾಲಿಗೆ ಬೀಳುತ್ತೇನೆ, ತರಬೇಡಿ. ಸಿಗಲಿಲ್ಲ ಅನ್ನಿ. ನಾಜಲ್ ಇಲ್ಲದೆ ಎಂಜಿನ್ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ನೀವು ಪಂಚಮಿಗೂ ಬರುವುದಿಲ್ಲ, ಆಮೇಲೂ ಬರುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅಂಗಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದ್ದೇನೆ.